ಮೀಟರ್ ಓಡದ ಪಂಪ್‌ಹೌಸ್

ನಮ್ಮ ಕಡೆ ಪೇಪರಿನವ ಅಂದರೆ ಅರ್ಧ ಸುದ್ದಿ, ಅರ್ಧ ಜಾಹೀರಾತು. ಶಾಲೆಯಿಂದ ನಿವೃತ್ತನಾದ ಮೇಲೆ ನಾನು ಒಂದು ಕನ್ನಡ ದಿನಪತ್ರಿಕೆಗೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ ಕಡೆಯ ಸುದ್ದಿ ಕಳಿಸುತ್ತೇನೆ. ಸಂಬಳ ಇಲ್ಲ. ಅಚ್ಚಾದ ಸುದ್ದಿಗೆ ಚೂರು ಹಣ, ತಂದ ಜಾಹೀರಾತಿಗೆ ಕಮಿಷನ್. ಯಾವುದು ಜಾಸ್ತಿ ಅಂತ ಕೇಳಬೇಡಿ. ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವ ಬಂತೆಂದರೆ ವಿಶೇಷ ಪುರವಣಿ ಆಗಲೇಬೇಕು. ಅದಕ್ಕೆ ಶುಭ ಕೋರುವವರು ಅಡಿಕೆ ವ್ಯಾಪಾರಿಗಳು, ಜವುಳಿ ಅಂಗಡಿಯವರು, ಸಹಕಾರಿ ಬ್ಯಾಂಕಿನವರು, ಮತ್ತೆ ರಸ್ತೆ, ನೀರಿನ ಕಾಮಗಾರಿ ಮಾಡುವ ಕಂಟ್ರಾಕ್ಟರುಗಳು.

ಗುಡ್ಡದ ಮೇಲಿನ ಕಾಲನಿಯಲ್ಲಿ ನಲ್ಲಿ ಉಂಟು, ನೀರಿಲ್ಲ ಅನ್ನುವುದು ನನಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ‘ಕುಡಿಯುವ ನೀರಿಗೆ ಪರದಾಟ’ ಎಂದು ಬೇಸಿಗೆಗೊಮ್ಮೆ ನಾಲ್ಕು ಸಾಲು ಬರುತ್ತಿತ್ತು. ಅದು ಯಾರಿಗೂ ತಾಗುವುದಿಲ್ಲ. ಯಾಕೆ ನೀರಿಲ್ಲ, ಯಾರ ಬಿಲ್ಲು ಪಾಸಾಯಿತು ಎಂದು ಕೇಳಹೊರಟರೆ ಮಾತ್ರ ತಾಗುತ್ತದೆ. ತಾಗಿದವರ ಹತ್ತಿರವೇ ಮುಂದಿನ ತಿಂಗಳು ಅರ್ಧ ಪುಟದ ಜಾಹೀರಾತು ಕೇಳಬೇಕಲ್ಲ? ಹಳ್ಳಿಯ ವರದಿಗಾರನಿಗೆ ಧೈರ್ಯ ಇಲ್ಲ ಅನ್ನುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಸಣ್ಣ ತನಿಖಾ ಸುದ್ದಿ ಸಂಸ್ಥೆಯಿಂದ ಒಬ್ಬರು ವರದಿಗಾರ್ತಿ ಬಂದರು. ಲಾಭಕ್ಕಾಗಿ ನಡೆಸುವ ಸಂಸ್ಥೆ ಅಲ್ಲ. ಜಾಹೀರಾತು ತೆಗೆದುಕೊಳ್ಳುವುದಿಲ್ಲ, ದೇಣಿಗೆಯಲ್ಲಿ ನಡೆಯುವುದು. ಮಲೆನಾಡಿನ ಹುಡುಗಿ, ಕನ್ನಡ ಚೆನ್ನಾಗಿತ್ತು. ಆದರೆ ತುಳುವೂ ಮಲೆಯಾಳವೂ ಗೊತ್ತಿಲ್ಲದೆ ಇಲ್ಲಿ ಯಾವ ಕಚೇರಿಯ ಮೆಟ್ಟಿಲೂ ಹತ್ತಲಾಗದು. ಹಾಗಾಗಿ ನಾನು ಜೊತೆ.

ಪುತ್ತೂರಿನ ಬಸ್ಸಿನಿಂದ ಪೆರ್ಲದಲ್ಲಿ ಇಳಿದವರೇ ಹೋಟೆಲಿನಲ್ಲಿ ಕೂತು ಒಂದು ಫೈಲು ಬಿಚ್ಚಿದರು. ಬರುವ ಮೊದಲೇ ಮಾಹಿತಿ ಹಕ್ಕಿನ ಅರ್ಜಿ ಹಾಕಿಯಾಗಿತ್ತು. ಅರ್ಜಿ ಕನ್ನಡದಲ್ಲಿ. ಕೇರಳದ 1969ರ ಭಾಷಾ ಕಾಯ್ದೆಯ ಪ್ರಕಾರ ನಾವು ಕನ್ನಡದಲ್ಲಿ ಬರೆಯಬಹುದು. ಉತ್ತರ ಬಂದದ್ದು ಮಲೆಯಾಳದಲ್ಲಿ. ಅದನ್ನು ಓದಿ ಹೇಳುವುದು ನನ್ನ ಮೊದಲ ಕೆಲಸ. ‘ಸದರಿ ಯೋಜನೆಯಲ್ಲಿ ದಿನಕ್ಕೆ ಎರಡು ಗಂಟೆ ಪಂಪ್ ಮಾಡಿ ನೀರು ಪೂರೈಸಲಾಗುತ್ತಿದೆ’ ಎಂದಿತ್ತು. ಸಹಿ, ಮೊಹರು ಎಲ್ಲ ಸರಿ.

ನನಗೆ ನಗು ಬಂತು. ಅವರು ನಗಲಿಲ್ಲ. ಅದರ ಕೆಳಗಿದ್ದ ಇನ್ನೊಂದು ಕಟ್ಟು ತೆಗೆದರು. ಪಂಪ್‌ಹೌಸಿನ ಕರೆಂಟು ಬಿಲ್ಲುಗಳ ನಕಲು! ಅದಕ್ಕೆ ಬೇರೆಯೇ ಅರ್ಜಿ ಹಾಕಿದ್ದರಂತೆ.

"ಮಾಸ್ಟ್ರೇ, ಮೋಟಾರ್ ಐದು ಎಚ್‌ಪಿಯದ್ದು. ನೀವು ಲೆಕ್ಕದ ಮಾಸ್ಟ್ರಲ್ವಾ? ಒಂದು ಲೆಕ್ಕ ಮಾಡಿ."

ಅಡಿಕೆ ತೋಟ ಇರುವವರಿಗೆ ಇದು ಬಾಯಿಪಾಠ. ಐದು ಎಚ್‌ಪಿ ಅಂದರೆ ಗಂಟೆಗೆ ಸುಮಾರು 3.7 ಯೂನಿಟ್. ದಿನಕ್ಕೆ ಎರಡು ಗಂಟೆ, ಎರಡು ತಿಂಗಳಿಗೊಂದು ಬಿಲ್ಲು. ಹೋಟೆಲಿನ ಬಿಲ್ಲಿನ ಹಿಂದೆ ಬರೆದು ಗುಣಿಸಿದೆ. ಹೆಚ್ಚುಕಡಿಮೆ 450 ಯೂನಿಟ್ ಸುಡಬೇಕು. ಮಳೆಗಾಲದ ಬಿಲ್ಲಿನಲ್ಲಿ ಅದರ ಹತ್ತಿರ ಹತ್ತಿರ ಇತ್ತು. ಮುಂದಿನದರಲ್ಲಿ ಅರ್ಧ. ಜನವರಿಯಿಂದ ಆಚೆಗೆ ಬರೀ ನಿಗದಿ ಶುಲ್ಕ. ಹಿಂದಿನ ರೀಡಿಂಗೂ ಈಗಿನ ರೀಡಿಂಗೂ ಒಂದೇ.

ಎಷ್ಟು ವರ್ಷದಿಂದ ಜನ ನೀರಿಲ್ಲ ನೀರಿಲ್ಲ ಎಂದು ಬೊಬ್ಬೆ ಹೊಡೆಯುತ್ತಿದ್ದರು. ಅದು ಅವರ ಮಾತು, ಇದು ನಮ್ಮ ಮಾತು ಎಂದು ಕಚೇರಿಯವರು ಕೈತೊಳೆಯುತ್ತಿದ್ದರು. ಈ ಬಿಲ್ಲು ಅವರದ್ದೇ ಕಚೇರಿ ಕಟ್ಟಿದ ಬಿಲ್ಲು. ಅದಕ್ಕೆ ಎಂತ ಹೇಳುತ್ತಾರೆ? ಚಹಾ ತಣ್ಣಗಾದದ್ದು ಗೊತ್ತಾಗಲಿಲ್ಲ.

ರಿಕ್ಷಾ ಮಾಡಿಕೊಂಡು ಮೊದಲು ಪಂಪ್‌ಹೌಸಿಗೆ ಹೋದೆವು. ಬಾಗಿಲಿಗೆ ಬೀಗ, ಬೀಗಕ್ಕೆ ಜೇಡರ ಬಲೆ. ಮೀಟರ್ ಹೊರಗಿನ ಗೋಡೆಯಲ್ಲೇ ಇತ್ತು. ರೀಡಿಂಗ್ ನೋಡಿದೆವು. ಜನವರಿಯ ಬಿಲ್ಲಿನಲ್ಲಿದ್ದ ಅದೇ ಅಂಕಿ. ಫೋಟೋ ತೆಗೆದರು, ಸಮಯ ಬರೆದುಕೊಂಡರು, ಮತ್ತೆ ಒಮ್ಮೆ ತೆಗೆದರು.

ರಿಕ್ಷಾದವರಿಗೆ ತಡೆಯಲಾಗಲಿಲ್ಲ. "ಈ ಬೋರು ತೆಗೆದು ನೀರು ಎಷ್ಟುಂಟು ಅಂತ ನೋಡಿದ್ದು ಯಾವಾಗ ಗೊತ್ತುಂಟಾ? ಆಟಿಯಲ್ಲಿ, ಜೋರು ಮಳೆಗಾಲದಲ್ಲಿ! ಆಟಿಯಲ್ಲಿ ನಮ್ಮ ಅಂಗಳಕ್ಕೆ ಗುದ್ದಲಿ ಹಾಕಿದರೂ ನೀರು ಬರ್ತದೆ ಮಾರಾಯ್ರೆ."

ವರದಿಗಾರ್ತಿ ಅದನ್ನೂ ಬರೆದುಕೊಂಡರು. ಆದರೆ ಬರೆದುಕೊಂಡದ್ದನ್ನೇ ನಂಬಲಿಲ್ಲ. ಪರೀಕ್ಷೆಯ ತಾರೀಕು ಇರುವ ಕಾಗದ ಸಿಗುವವರೆಗೆ ಅದು ಕಥೆ ಮಾತ್ರ ಅಂದರು. ಆಮೇಲೆ ಕಾಗದ ಸಿಕ್ಕಿತು. ರಿಕ್ಷಾದವರು ಹೇಳಿದ್ದು ಸರಿಯಾಗಿತ್ತು. ದೊಡ್ಡ ಲಂಚದ ಕಥೆ ಹೊರಬರಬಹುದು ಎಂದು ನಾನು ಕಾಯುತ್ತಿದ್ದೆ. ಹೊರಬಂದದ್ದು ಬೇರೆ. ಮಳೆಗಾಲದ ನೀರು ನೋಡಿ ಬೇಸಿಗೆಯ ಯೋಜನೆ ಮಾಡಿದ್ದರು. ಬೋರು ಬತ್ತಿದ ಮೇಲೆ ಬತ್ತಿದೆ ಎಂದು ಬರೆಯಲು ಯಾರೂ ತಯಾರಿರಲಿಲ್ಲ. ನನ್ನ ಮಟ್ಟಿಗೆ ಇದು ಲಂಚಕ್ಕಿಂತ ಕೆಟ್ಟದ್ದು. ಲಂಚವಾದರೆ ಒಬ್ಬರನ್ನಾದರೂ ಹಿಡಿಯಬಹುದು.

ಕಾಲನಿಗೆ ಹತ್ತುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಮೊದಲ ಮನೆಯ ಜಗಲಿಯಲ್ಲಿ ಕೂತಿದ್ದ ಅಜ್ಜಿ ನಮ್ಮ ಕ್ಯಾಮೆರಾ ಬ್ಯಾಗ್ ನೋಡಿದವರೇ ಕೈ ಚಾಚಿ ದಾರಿ ತೋರಿಸಿದರು. "ಎಂಡೋಸಲ್ಫಾನಿನವರ ಮನೆಯಾ? ಅದು ಆಚೆ ಗುಡ್ಡ. ಈ ದಾರಿಯಲ್ಲ."

ಹಾಗಾಗಿದೆ ನಮ್ಮ ಪರಿಸ್ಥಿತಿ. ಹೊರಗಿನವರು ಕ್ಯಾಮೆರಾ ಹಿಡಿದು ಬಂದರೆ ಅದಕ್ಕೇ ಎಂದು ಜನ ಅಂದುಕೊಳ್ಳುತ್ತಾರೆ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿದರು. ಪಡ್ರೆಯಲ್ಲಿ ಕರುಗಳು ಕಾಲು ತಿರುಚಿಕೊಂಡು ಹುಟ್ಟುತ್ತಿವೆ ಎಂದು 1980ರ ಆಸುಪಾಸಿನಲ್ಲೇ ಬರೆದವರು ಅದೇ ಊರಿನ ಕೃಷಿಕ ಶ್ರೀ ಪಡ್ರೆ. ಒಂದೇ ಊರಿನಲ್ಲಿ ಇಷ್ಟು ಜನರಿಗೆ ಕಾಯಿಲೆ, ಅಂಗವಿಕಲತೆ ಯಾಕೆ ಎಂದು ಕೇಳಿದವರು ವಾಣಿನಗರದ ಡಾಕ್ಟರ್ ವೈ.ಎಸ್. ಮೋಹನ ಕುಮಾರ್. ಪೆರಿಯದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ, ಅದೂ ಲಾಭಕ್ಕಲ್ಲದ ಸಂಸ್ಥೆಯೇ, ಪಡ್ರೆಯ ನೀರು, ಮಣ್ಣು, ಜನರ ರಕ್ತ ತೆಗೆದು ಲ್ಯಾಬಿನಲ್ಲಿ ನೋಡಿ ‘ಡೌನ್ ಟು ಅರ್ತ್’ ಪತ್ರಿಕೆಯಲ್ಲಿ ಹಾಕಿತು. ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹೇರಿದ್ದು 2011ರ ಮೇ ತಿಂಗಳಲ್ಲಿ. ಮೊದಲ ಬರಹದಿಂದ ಅಲ್ಲಿಗೆ ಮೂವತ್ತು ವರ್ಷ. ನಡುವೆ ಬಂದುಹೋದ ಕ್ಯಾಮೆರಾಗಳಿಗೆ ಲೆಕ್ಕವಿಲ್ಲ.

"ಅಲ್ಲ ಅಜ್ಜಿ, ನಾವು ನೀರಿನ ವಿಷಯಕ್ಕೆ ಬಂದದ್ದು" ಅಂದೆ. ಅಜ್ಜಿ ನಲ್ಲಿ ತೋರಿಸಿದರು. ಅದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿತ್ತು. "ಬರೆದ್ರೆ ನೀರು ಬರ್ತದಾ?"

"ಗೊತ್ತಿಲ್ಲ ಅಜ್ಜಿ" ಅಂದರು ವರದಿಗಾರ್ತಿ. ಆ ಉತ್ತರ ನನಗೆ ಹಿಡಿಸಿತು. ನಾವಾದರೆ ಖಂಡಿತ ಬರ್ತದೆ ಅನ್ನುತ್ತಿದ್ದೆವು.

ಸಂಜೆ ಬಸ್ಸಿಗೆ ಕಾಯುತ್ತಾ ಕೇಳಿದೆ, ಇದಕ್ಕೆಲ್ಲ ದುಡ್ಡು ಎಲ್ಲಿಂದ? ಓದುಗರು ಕೊಡುವ ಸಣ್ಣ ಮೊತ್ತ, ಒಂದೆರಡು ಪ್ರತಿಷ್ಠಾನಗಳ ಅನುದಾನ ಅಂದರು. ವಿದೇಶದ ದೇಣಿಗೆಯನ್ನು ಸುದ್ದಿ ಸಂಸ್ಥೆ ಮುಟ್ಟುವಂತಿಲ್ಲ, ಕಾನೂನು ಹಾಗಿದೆ. ಪತ್ರಕರ್ತ ಪಿ. ಸಾಯಿನಾಥ್ ಅವರು 2014ರಲ್ಲಿ ಶುರುಮಾಡಿದ, ಹಳ್ಳಿಗಳ ಬದುಕನ್ನು ಬರೆಯುವ ಜಾಲತಾಣ ‘ಪರಿ’ಯೂ ದೇಣಿಗೆಯಲ್ಲೇ ನಡೆಯುತ್ತದೆ, ಕನ್ನಡದಲ್ಲೂ ಓದಲು ಸಿಗುತ್ತದೆ. ನನಗೆ ಮಾತ್ರ ನಮ್ಮ ಪುತ್ತೂರಿನ ‘ಅಡಿಕೆ ಪತ್ರಿಕೆ’ ನೆನಪಾಯಿತು. 1988ರಿಂದ ಕೃಷಿಕರೇ ಬರೆದು ಕೃಷಿಕರೇ ಓದುವ ಪತ್ರಿಕೆ ಅದು. ಅಡಿಕೆಗೆ ಬೇಕಾದ ಪತ್ರಿಕೆಯನ್ನು ನಾವು ಸಾಕಿದ್ದೇವೆ. ಪಂಚಾಯತಿನ ಫೈಲು ಓದುವವರನ್ನು ಯಾಕೆ ಸಾಕಬಾರದು?

ವರದಿ ಕೂಡಲೇ ಬರಲಿಲ್ಲ. ಒಂದು ದಿನ ಅವರ ಕಚೇರಿಯ ಹುಡುಗನೊಬ್ಬ ಫೋನ್ ಮಾಡಿ ನನ್ನನ್ನು ಸುಸ್ತು ಮಾಡಿದ. ಮೀಟರ್ ಒಳಗಿತ್ತಾ ಹೊರಗಿತ್ತಾ, ಅಜ್ಜಿಯ ಮಾತು ತುಳುವಿನಲ್ಲಾ ಕನ್ನಡದಲ್ಲಾ, ರಿಕ್ಷಾದವರಿಗೂ ಕಂಟ್ರಾಕ್ಟರಿಗೂ ಜಗಳ ಏನಾದರೂ ಉಂಟಾ! ಕಂಟ್ರಾಕ್ಟರಿಗೂ ಕಚೇರಿಗೂ ಪ್ರಶ್ನೆ ಕಳಿಸಿ ಉತ್ತರಕ್ಕೆ ಕಾದರು. ತೋರಿಸಿದ ಜಾಗದಲ್ಲಿ ಕೆಲಸ ಮುಗಿಸಿ ಕೊಟ್ಟಿದ್ದೇನೆ ಎಂದು ಕಂಟ್ರಾಕ್ಟರು ಬರೆದರು. ಅದನ್ನು ಪೂರ್ತಿ ಹಾಕಿದರು. ನ್ಯಾಯವಾಗಿ ಅವರ ಮಾತಿನಲ್ಲೂ ಹುರುಳಿತ್ತು.

ಯಾರು ಬೇಕಾದರೂ ಉಚಿತವಾಗಿ ಮರುಮುದ್ರಿಸಬಹುದು ಎಂದು ವರದಿಯ ಕೆಳಗೆ ಬರೆದಿತ್ತು. ನಾನು ಕೆಲಸ ಮಾಡುವ ಪತ್ರಿಕೆ ಅದರ ಒಂದು ತುಂಡು ಹಾಕಿತು, ಯಾರ ಹೆಸರೂ ಇಲ್ಲದೆ. ಆದರೆ ಬಿಲ್ಲಿನ ಅಂಕಿ ಇತ್ತು. ಅಂಕಿ ವಾಟ್ಸಾಪಿನಲ್ಲಿ ಓಡಿತು. ಗ್ರಾಮಸಭೆಯಲ್ಲಿ ಹೆಂಗಸರು ಬಿಲ್ಲಿನ ನಕಲು ಹಿಡಿದು ನಿಂತರು. ಮೊದಲು ಟ್ಯಾಂಕರ್ ಬಂತು, ಆಮೇಲೆ ಕೆಳಗಿನ ಬಯಲಿನ ಬಾವಿಯಿಂದ ಪೈಪು.

ವರದಿಗಾರ್ತಿ ಮತ್ತೆ ಬಂದಿಲ್ಲ. ಅವರ ಸಂಸ್ಥೆಯಲ್ಲಿ ಇರುವುದೇ ಬೆರಳೆಣಿಕೆಯ ಜನ, ಸುತ್ತಬೇಕಾದ ಜಿಲ್ಲೆಗಳು ಬೇಕಾದಷ್ಟು. ನನ್ನ ತಕರಾರು ಇರುವುದು ಅಲ್ಲೇ. ಬಾವಿಯ ಪೈಪಿನಲ್ಲಿ ಈ ಮಾರ್ಚಿಗೆ ನೀರು ಬರುತ್ತದೋ ಇಲ್ಲವೋ ನೋಡಲು ಬೆಂಗಳೂರಿನಿಂದ ಬಸ್ಸು ಹಿಡಿಯುವವರು ಯಾರು? ಹತ್ತು ರೂಪಾಯಿ ಶುಲ್ಕ ಕಟ್ಟಿ ಹೊಸ ಮೋಟಾರಿನ ಕರೆಂಟು ಬಿಲ್ಲು ಕೇಳಿದ್ದೇನೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು.