ದೆವ್ವಕ್ಕೆ ‘ಮುಂದಿನ ವಾರ ಬಾ’ ಎಂದಿದ್ದೆವು

ನಾನು ಆ ಕೆಲಸಕ್ಕೆ ಸೇರಿದಾಗ ಒಂದು ಉಬುಂಟು (ಲಿನಕ್ಸ್) ಸರ್ವರ್ ಪ್ರತಿ ಭಾನುವಾರ ಬೆಳಗಿನ ಜಾವ ತಾನೇ ರೀಬೂಟ್ ಆಗುತ್ತಿತ್ತು. ಯಾಕೆ ಎಂದು ಕೇಳಿದೆ. "ಜೋಂಬಿ ಜಾಸ್ತಿ ಆಗ್ತವೆ, ರೀಬೂಟ್ ಮಾಡಿದ್ರೆ ಹೋಗ್ತವೆ" ಎಂದರು. ಜೋಂಬಿ ಎಂದರೆ ಸತ್ತ ಮೇಲೂ ಪಟ್ಟಿಯಿಂದ ಹೋಗದ ಪ್ರೊಸೆಸ್ (ಓಡುವ ಪ್ರೋಗ್ರಾಮ್). ಹಿಂದೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ವಾಪಸ್ ಕಳಿಸುತ್ತಿದ್ದರಲ್ಲ, ಹಾಗೆ. ನಮ್ಮದು ‘ಮುಂದಿನ ವಾರ ಬಾ’.

ಒಂದು ಸಲ ತಿಂಗಳ ಕೊನೆಯ ಕೆಲಸ ಇದೆ ಎಂದು ಭಾನುವಾರದ ರೀಬೂಟ್ ನಿಲ್ಲಿಸಿದೆವು. ಮುಂದಿನ ವಾರಾಂತ್ಯದ ಹೊತ್ತಿಗೆ ಜೋಂಬಿಗಳು 600 ದಾಟಿದ್ದವು.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ: ಕಿಲ್ -9, ಪ್ರೊಸೆಸ್ ಅನ್ನು ಬಲವಂತವಾಗಿ ಕೊಲ್ಲುವ ಕಮಾಂಡ್. ಒಂದೂ ಅಲುಗಲಿಲ್ಲ. ಸತ್ತದ್ದನ್ನು ಮತ್ತೆ ಸಾಯಿಸುವುದು ಹೇಗೆ? ಜೋಂಬಿ ಪ್ರೊಸೆಸ್‌ನ ಕೆಲಸ ಮುಗಿದಿರುತ್ತದೆ, ಮೆಮೊರಿಯನ್ನೂ ಬಿಟ್ಟುಕೊಟ್ಟಿರುತ್ತದೆ. ಪ್ರೊಸೆಸ್ ಪಟ್ಟಿಯಲ್ಲಿ ಅದರ ನಂಬರು ಮತ್ತು ಎಕ್ಸಿಟ್ ಕೋಡ್ (ಕೆಲಸ ಹೇಗೆ ಮುಗಿಯಿತು ಎನ್ನುವ ಸಂಖ್ಯೆ) ಮಾತ್ರ ಉಳಿದಿರುತ್ತವೆ. ಅದನ್ನು ಹುಟ್ಟಿಸಿದ ಪೇರೆಂಟ್ ಪ್ರೊಸೆಸ್ ‘ವೇಟ್’ ಎಂದು ಕರೆದು ಆ ಕೋಡ್ ಓದಿಕೊಂಡರೆ ಮುಕ್ತಿ. ಇಲ್ಲಿ ಮಕ್ಕಳ ತಿಥಿಯನ್ನು ಅಪ್ಪನೇ ಮಾಡಬೇಕು!

ಹಾಗಾದರೆ ಅಪ್ಪ ಯಾರು? ಪ್ರೊಸೆಸ್‌ಗಳನ್ನು ಪಟ್ಟಿ ಮಾಡುವ ಪಿಎಸ್ ಕಮಾಂಡಿನಲ್ಲಿ ಪೇರೆಂಟ್ ಐಡಿ ನೋಡಿದೆ. ಪ್ರತಿ ‘ಡಿಫಂಕ್ಟ್’ (ಅಂದರೆ ಜೋಂಬಿಯಾದ) ಶೆಲ್ಲಿನ ಮೇಲೂ ಒಂದೊಂದು ಕ್ರಾನ್ ಪ್ರೊಸೆಸ್ ಕೂತಿತ್ತು. ಶೆಲ್ ಎಂದರೆ ಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಮ್; ಹೇಳಿದ ಹೊತ್ತಿಗೆ ಜಾಬ್‌ಗಳನ್ನು ಶುರು ಮಾಡುವುದು ಕ್ರಾನ್. ಕ್ರಾನ್ ಸರ್ವಿಸ್ ರೀಸ್ಟಾರ್ಟ್ ಮಾಡಿದೆ. ಅವು ಜಪ್ಪಯ್ಯ ಎನ್ನಲಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಹಾಗೆ ಮಾಡಿದರೆ ಮುಖ್ಯ ಕ್ರಾನ್ ಮಾತ್ರ ಸಾಯುತ್ತದೆ, ಓಡುತ್ತಿರುವ ಜಾಬ್‌ಗಳನ್ನು ಬೇಕೆಂದೇ ಬಿಟ್ಟಿರುತ್ತಾರೆ. ಅದು ನನಗೆ ಆಮೇಲೆ ಗೊತ್ತಾಯಿತು.

ನನಗೆ ಅರ್ಥವಾಗದಿದ್ದದ್ದು ಒಂದೇ. ಸ್ಕ್ರಿಪ್ಟ್ ಮುಗಿದಿದೆ, ಕ್ರಾನ್ ಎದುರಿಗೇ ಇದೆ, ಮತ್ತೆ ಯಾಕೆ ವೇಟ್ ಕರೆಯುತ್ತಿಲ್ಲ? ಉತ್ತರ ಪೈಪಿನಲ್ಲಿತ್ತು. ಜಾಬ್ ಏನಾದರೂ ಪ್ರಿಂಟ್ ಮಾಡಿದರೆ ಕ್ರಾನ್ ಅದನ್ನು ಮೇಲ್ ಮಾಡಬೇಕಲ್ವಾ? ಅದಕ್ಕಾಗಿ ಜಾಬಿನ ಔಟ್‌ಪುಟ್ಟಿಗೆ ಪೈಪ್ (ಒಂದು ಪ್ರೊಸೆಸ್ ಬರೆದದ್ದನ್ನು ಇನ್ನೊಂದಕ್ಕೆ ಸಾಗಿಸುವ ದಾರಿ) ಕಟ್ಟಿ, ಆ ಪೈಪ್ ಪೂರ್ತಿ ಮುಚ್ಚುವ ತನಕ ಓದುತ್ತಾ ಕೂರುತ್ತದೆ. ವೇಟ್ ಕರೆಯುವುದು ಅದಾದ ಮೇಲೆ. ಅಂದರೆ ಪೈಪಿನ ಇನ್ನೊಂದು ತುದಿಯನ್ನು ಇನ್ಯಾರೋ ಹಿಡಿದುಕೊಂಡಿದ್ದರು.

ಪ್ರೊಸೆಸ್‌ಗಳ ವಿವರ ಸಿಗುವ /ಪ್ರೊಕ್ ಒಳಗೆ ಕ್ರಾನ್ ತೆರೆದಿಟ್ಟ ಪೈಪಿನ ನಂಬರ್ ನೋಡಿ, ಅದೇ ನಂಬರ್ ಬೇರೆ ಯಾರ ಹತ್ತಿರ ಇದೆ ಎಂದು ಹುಡುಕಿದೆ. ಸಿಕ್ಕಿದ್ದು ಎಸ್‌ಎಸ್‌ಎಚ್, ಬೇರೆ ಸರ್ವರಿಗೆ ಸುರಕ್ಷಿತವಾಗಿ ಕನೆಕ್ಟ್ ಆಗುವ ಪ್ರೋಗ್ರಾಮ್. ಅರ್ಧ ಗಂಟೆಗೊಮ್ಮೆ ಓಡುವ ಸ್ಕ್ರಿಪ್ಟ್ ಒಂದು ಇತ್ತು. ಆಚೆ ಕಡೆಯ ಸರ್ವರಿಗೆ ಎಸ್‌ಎಸ್‌ಎಚ್ ಕಟ್ಟಿದ ಟನಲ್ (ಕನೆಕ್ಷನ್) ಬಿದ್ದಿದ್ದರೆ, ಹಿನ್ನೆಲೆಯಲ್ಲಿ ಓಡಲಿ ಎಂದು ಸಾಲಿನ ಕೊನೆಗೆ & ಹಾಕಿ ಹೊಸದನ್ನು ಎಬ್ಬಿಸುವುದು ಅದರ ಕೆಲಸ. ಶೆಲ್ ಸತ್ತ ಮೇಲೆ ಈ ಎಸ್‌ಎಸ್‌ಎಚ್ ಅನಾಥವಾಗಿ ಒಂದನೇ ನಂಬರಿನ ಪ್ರೊಸೆಸ್‌ನ ಮಡಿಲು ಸೇರುತ್ತಿತ್ತು. ಹಾಗಾಗಿ ಜೋಂಬಿಯ ವಂಶವೃಕ್ಷದಲ್ಲಿ ಅದರ ಸುಳಿವೇ ಇರಲಿಲ್ಲ. ಆದರೆ ಕ್ರಾನ್‌ನ ಪೈಪ್ ಮಾತ್ರ ಕೈಯಲ್ಲೇ ಇತ್ತು.

ದಿನಕ್ಕೆ 48 ಟನಲ್ ಯಾಕೆ? ಆಚೆ ಕಡೆಯ ಸರ್ವರ್ ಹೆಸರು ಯಾವತ್ತೋ ಬದಲಾಗಿತ್ತು. ಟನಲ್ ಇದೆಯಾ ಎಂದು ನೋಡುವ ಸಾಲು ಇನ್ನೂ ಹಳೆಯ ಹೆಸರನ್ನೇ ಹುಡುಕುತ್ತಿತ್ತು. ಸಿಗುತ್ತಿರಲಿಲ್ಲ, ಹೊಸದು ಎಬ್ಬಿಸುತ್ತಿತ್ತು. ಟನಲ್‌ಗೆ ಬೇಕಾದ ಪೋರ್ಟ್ (ಕನೆಕ್ಷನ್‌ನ ಬಾಗಿಲು ನಂಬರ್) ಆಗಲೇ ಮೊದಲನೆಯದರ ಕೈಲಿತ್ತು. ಪೋರ್ಟ್ ಸಿಗದಿದ್ದರೂ ಎಸ್‌ಎಸ್‌ಎಚ್ ಸಾಯುವುದಿಲ್ಲ, ಒಂದು ಎಚ್ಚರಿಕೆ ಬರೆದು ಸುಮ್ನೆ ಕೂರುತ್ತದೆ. "ಇಷ್ಟೊಂದು ಕನೆಕ್ಷನ್ ಯಾಕೆ ಮಾರಾಯ್ರೆ" ಎಂದು ಆಚೆಯವರು ಹಿಂದೆಯೇ ಕೇಳಿದ್ದರಂತೆ. ನಮ್ಮವರು ಆಗಲೂ ರೀಬೂಟ್ ಮಾಡಿದ್ದರು.

ಹೆಸರು ಸರಿಮಾಡಿದೆ. ಎಸ್‌ಎಸ್‌ಎಚ್ ಸಾಲಿನ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಲಾಗ್ ಫೈಲಿಗೆ ತಿರುಗಿಸಿದೆ. ಪೋರ್ಟ್ ಸಿಗದಿದ್ದರೆ ಸಾಯುವಂತೆ ಆಪ್ಶನ್ ಹಾಕಿದೆ. ಹಳೆಯ ಎಸ್‌ಎಸ್‌ಎಚ್‌ಗಳನ್ನು ಕೊಂದ ಕೂಡಲೇ ಪೈಪ್‌ಗಳು ಮುಚ್ಚಿದವು, ಕ್ರಾನ್‌ಗಳು ಎದ್ದು ವೇಟ್ ಕರೆದವು, 600 ಜೋಂಬಿಗಳು ನೋಡನೋಡುತ್ತಲೇ ಮಾಯ. ಜೋಂಬಿಗಳನ್ನು ನಾನು ಮುಟ್ಟಲೇ ಇಲ್ಲ. ಕಳೆದ ರೀಬೂಟ್‌ನಿಂದ ಪೈಪಿನಲ್ಲಿ ಸಿಕ್ಕಿಕೊಂಡಿದ್ದ ಕ್ರಾನ್ ಮೇಲ್‌ಗಳು ಬರಲು ಶುರುವಾಗಿ, ಇನ್‌ಬಾಕ್ಸ್ ತುಂಬ ಅದೇ ಪೋರ್ಟ್ ಎಚ್ಚರಿಕೆ. ರೀಬೂಟ್‌ನಲ್ಲಿ ಪ್ರತಿ ವಾರ ನಾವು ಅಳಿಸಿ ಹಾಕುತ್ತಿದ್ದದ್ದು ಅದನ್ನೇ.

ಭಾನುವಾರದ ರೀಬೂಟ್ ಸಾಲು ಓಡದಂತೆ ಅದರ ಮುಂದೆ ಒಂದು # ಹಾಕಿದೆ. ಪೂರ್ತಿ ಅಳಿಸಲು ಧೈರ್ಯ ಬಂದದ್ದು ಇನ್ನೂ ಎರಡು ತಿಂಗಳ ಮೇಲೆ.