ಮಾಂಟೆವೆರ್ದೆ: ಹಕ್ಕಿಗೆ ಗೈಡ್ ಬೇಡ, ಜೇಡಕ್ಕೆ ಬೇಕೇ ಬೇಕು

ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿರುವ ಕಾಡಿನ ಊರು ಮಾಂಟೆವೆರ್ದೆಯಲ್ಲಿ, ಪ್ರಾಣಿ ನೋಡುವ ರಾತ್ರಿ ನಡಿಗೆಗೆ ದುಡ್ಡು ಕಟ್ಟುವ ಮುಂಚೆ ಕೇಳಿಬಿಡಿ: ಒಬ್ಬ ಗೈಡ್ ಹಿಂದೆ ಎಷ್ಟು ಜನ? ನಮಗೆ ‘ಸಣ್ಣ ಗುಂಪು’ ಅಂದಿದ್ದರು. ಹೋಗಿ ನೋಡಿದರೆ ವ್ಯಾನುಗಳ ಸಾಲು. ಕಿತ್ತಳೆ ಮಂಡಿಯ ಟರಾಂಟುಲಾ ಅನ್ನುವ ದೊಡ್ಡ ಜೇಡ ಇರುವ ಬಿಲ ಎಲ್ಲ ಗೈಡ್‌ಗಳಿಗೂ ಗೊತ್ತು, ಎಲ್ಲ ಗುಂಪುಗಳೂ ಅದೇ ಬಿಲದ ಮುಂದೆ ಸರದಿ ನಿಂತವು. ನಮ್ಮವನು ಕಡ್ಡಿ ತೂರಿಸಿ ಕೆಣಕಿದ. ಮುಂಗಾಲು ಕಂಡಿತು, ಅಷ್ಟೇ. ದುಡ್ಡಿಗಿಂತ ಆ ಕಡ್ಡಿ ಕಂಡು ಸಿಟ್ಟು ಬಂತು.

ನೆಲದ ಕಂಪನದಿಂದಲೇ ಬೇಟೆಯನ್ನು ಗುರುತಿಸುವ ಪ್ರಾಣಿ ಅದು. ಅಷ್ಟೊಂದು ಬೂಟುಗಳು ದಡದಡ ಅಂದರೆ ಹೊರಗೆ ಬರುವುದಾದರೂ ಹೇಗೆ? ಮರುದಿನ ಊರಿನವರೇ ಒಬ್ಬರು ನಮ್ಮ ಮನೆಯವರನ್ನಷ್ಟೇ ಕರೆದುಕೊಂಡು ಹೋದರು. ದೂರದಲ್ಲಿ ನಿಲ್ಲಿಸಿ, ಟಾರ್ಚ್ ತಗ್ಗಿಸಿ, ಸುಮ್ಮನೆ ಕಾಯಿಸಿದರು. ಕೊನೆಗೆ ಅದು ತಾನಾಗೇ ಬಂದು ಬಿಲದ ಬಾಯಲ್ಲಿ ಕೂತಿತು: ಕಪ್ಪು ಮೈ, ಕೆಂಡದಂಥ ಮಂಡಿ. ತುಂಬ ಹತ್ತಿರ ಬಗ್ಗಬೇಡಿ. ಅಮೆರಿಕ ಖಂಡಗಳ ಬಹುತೇಕ ಟರಾಂಟುಲಾಗಳು ಹೆದರಿದರೆ ಹೊಟ್ಟೆಯ ಮೇಲಿನ ನವೆ ಹುಟ್ಟಿಸುವ ಕೂದಲನ್ನು ಕಾಲಿಂದ ಎರಚುತ್ತವೆ.

ಹಮ್ಮಿಂಗ್‌ಬರ್ಡ್ ವಿಷಯ ಪೂರ್ತಿ ಉಲ್ಟಾ. ಜೇಡ ವಾರಗಟ್ಟಲೆ ಉಪವಾಸ ಇರಬಲ್ಲದು. ಈ ಹಕ್ಕಿಗೆ ಹಗಲೆಲ್ಲ ಮಕರಂದ ಕುಡಿಯುತ್ತಲೇ ಇರಬೇಕು, ಹಾಗಾಗಿ ಅದೇ ನಿಮ್ಮ ಬಳಿ ಬರುತ್ತದೆ. ಮೀಸಲು ಕಾಡಿನ ಬಾಗಿಲ ಹತ್ತಿರದ ಕಾಫಿ ಅಂಗಡಿಯಲ್ಲಿ ಸಕ್ಕರೆ ನೀರಿನ ಬಟ್ಟಲು ತೂಗುಹಾಕಿರುತ್ತಾರೆ. ಬೆಳಿಗ್ಗೆ ಬೇಗ ಹೋಗಿ ಒಂದು ಕಾಫಿ ಹೇಳಿ ಕೂತರೆ ಸಾಕು. ವಯೊಲೆಟ್ ಸೇಬ್ರ್‌ವಿಂಗ್ ಅನ್ನುವ ಜಾತಿಯ ಗಂಡು ಹಮ್ಮಿಂಗ್‌ಬರ್ಡ್ ಸುಮಾರು 15 ಸೆಂ.ಮೀ. ಉದ್ದ, 12 ಗ್ರಾಂ ತೂಕ, ಕಡು ನೇರಳೆ ಮೈ, ಬಾಲದ ತುದಿಯಲ್ಲಿ ಬಿಳಿ. ನಮ್ಮ ಸೂರಕ್ಕಿ ಹೆಚ್ಚಾಗಿ ಕೂತು ಮಕರಂದ ಹೀರುತ್ತದೆ. ಇದು ಗಾಳಿಯಲ್ಲೇ ನಿಂತು ಕುಡಿದು, ಹಿಮ್ಮುಖವಾಗಿ ಹಾರಿತು! ಅಮ್ಮ ಎದ್ದು ಬರಲು ಒಪ್ಪಲೇ ಇಲ್ಲ.

ಊಟಕ್ಕೆ ಸಾಂತಾ ಎಲೆನಾ ಪೇಟೆಯ ‘ಸೋಡಾ’ಗಳೇ ಸರಿ. ಅಲ್ಲಿ ಸೋಡಾ ಅಂದರೆ ಮನೆಮಂದಿ ನಡೆಸುವ ಸಣ್ಣ ಹೋಟೆಲು. ‘ಕಸಾದೊ’ ಕೇಳಿ: ಬಿಸಿ ಅನ್ನ, ಕಪ್ಪು ಬೀನ್ಸ್ ಕಾಳು, ಎಲೆಕೋಸಿನ ಸಲಾಡ್, ಸಿಹಿಯಾಗಿ ಕರಿದ ಬಾಳೆಹಣ್ಣು, ಜೊತೆಗೆ ಮಾಂಸ ಇಲ್ಲವೇ ಮೊಟ್ಟೆ. ಅನ್ನಕ್ಕೆ ಕಾಳಿನ ರಸ ಕಲಸಿಕೊಂಡು ಉಂಡಾಗ ಅಪ್ಪನ ಮುಖ ಅರಳಿತು. ಪ್ರವಾಸಿಗರ ರೆಸ್ಟೋರೆಂಟಿನಲ್ಲಿ ಕೊಟ್ಟ ದುಡ್ಡಿಗೆ ಇಲ್ಲಿ ಇಬ್ಬರು ಹೊಟ್ಟೆ ತುಂಬ ಉಂಡೆವು. ಸಸ್ಯಾಹಾರಿಗಳು ‘ಸಿನ್ ಕಾರ್ನೆ’ (ಮಾಂಸ ಬೇಡ) ಅನ್ನಿ, ಕಾಳಿಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತಲೂ ವಿಚಾರಿಸಿ. ನಾವು ಉಂಡ ಕಡೆ ಬೇಗ ಬಾಗಿಲು ಹಾಕುತ್ತಿದ್ದರು. ಆರು ಗಂಟೆಗೆಲ್ಲ ಕತ್ತಲಾಗುವ ಊರು, ರಾತ್ರಿ ನಡಿಗೆ ಇದ್ದ ದಿನ ಉಂಡೇ ಹೊರಡಿ.