ಊರೂರಿನ ಚೀಟಿಗಳಲ್ಲಿ ಹಂಚಿಹೋಗುವ ವಾಂತಿ

ಬೆಳಗಿನ ಜಾವ ಶುರುವಾಗುತ್ತದೆ. ಮಗು ಬಿಳಿಚಿಕೊಂಡು ಗಂಟೆಗೆ ನಾಲ್ಕೈದು ಸಲ ಕಾರುತ್ತದೆ, ಗುಟುಕು ನೀರೂ ದಕ್ಕುವುದಿಲ್ಲ. ಒಂದೆರಡು ದಿನ ಸಲಾಯಿನ್ ಹಚ್ಚಿದ ಮೇಲೆ ಎದ್ದು ಕೂತು ರೊಟ್ಟಿ ಕೇಳುತ್ತದೆ. ಮುಂದೆ ಕೆಲವು ವಾರ ಪೂರ್ತಿ ಆರಾಮ. ಆಮೇಲೆ ಮತ್ತೆ ಅದೇ ಹೊತ್ತಿಗೆ, ಅದೇ ತೆರನಾಗಿ. ಸೈಕ್ಲಿಕ್ ವಾಮಿಟಿಂಗ್ ಸಿಂಡ್ರೋಮ್, ಅಂದರೆ ಸುತ್ತು ಸುತ್ತಾಗಿ ಬರುವ ವಾಂತಿಯ ಕಾಯಿಲೆ, ಸಿಕ್ಕಿಬೀಳುವುದು ಈ ಮರುಕಳಿಕೆಯಿಂದ. ಒಂದೇ ಸರ್ತಿ ನೋಡಿದ ಡಾಕ್ಟರಿಗೆ ಅದು ಫುಡ್ ಪಾಯ್ಸನ್‌ನಂತೆಯೇ ಕಾಣುತ್ತದೆ.

ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1882ರಲ್ಲೇ ಒಂಬತ್ತು ಮಕ್ಕಳಲ್ಲಿ ಇದನ್ನು ವಿವರಿಸಿದ್ದರು. ಆದರೂ ಜಗತ್ತಿನ ಲೆಕ್ಕಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್‌ನ ಶಾಲಾಮಕ್ಕಳಲ್ಲಿ ಶೇ. 1.9, ಪಶ್ಚಿಮ ಆಸ್ಟ್ರೇಲಿಯಾದ 1963ರ ವರದಿಯಲ್ಲಿ ಶೇ. 2.3. ಐರ್ಲೆಂಡಿನಲ್ಲೋ ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ಸುಮಾರು ಮೂರೇ ಹೊಸ ಪ್ರಕರಣ. ಮೊದಲೆರಡು ಲೆಕ್ಕ ಮಕ್ಕಳ ಗುಂಪಿನಲ್ಲೇ ಹುಡುಕಿದ್ದು, ಐರ್ಲೆಂಡಿನದು ಡಾಕ್ಟರುಗಳು ಗುರುತಿಸಿ ತಿಳಿಸಿದ್ದು. ಒಂದು ಇರುವವರ ಎಣಿಕೆ, ಇನ್ನೊಂದು ಹೊಸಬರ ಎಣಿಕೆ, ನಿಜ. ಆದರೆ ಕಾಯಿಲೆ ಹತ್ತು ವರ್ಷ ಉಳಿಯುತ್ತದೆ ಎಂದುಕೊಂಡರೂ ಐರ್ಲೆಂಡಿನ ಲೆಕ್ಕ ಲಕ್ಷಕ್ಕೆ ಸುಮಾರು 30 ಅಷ್ಟೇ, ಅಬರ್ಡೀನಿನದು 1,900. ನಡುವಿನ ಅಂತರದಲ್ಲಿ ಹೆಸರೇ ಸಿಗದ ಮಕ್ಕಳು ಬಹಳ ಇದ್ದಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡವರನ್ನೂ ಇದು ಬಿಡುವುದಿಲ್ಲ: ಅಮೆರಿಕ, ಕೆನಡಾ, ಬ್ರಿಟನ್ ಸಮೀಕ್ಷೆಯಲ್ಲಿ ಶೇ. 0.7ರಿಂದ 2.

ನಮ್ಮ ಕಡೆ ಆ ಅಂತರ ಹಿಗ್ಗಲು ದಾರಿಗಳು ಸಾಕಷ್ಟಿವೆ. ಅಥಣಿಯವರು ಒಮ್ಮೆ ಊರ ದವಾಖಾನೆಗೆ, ಒಮ್ಮೆ ಮಿರಜಕ್ಕೆ ಹೋಗುತ್ತಾರೆ. ಇಂಡಿಯವರು ಸೊಲ್ಲಾಪುರಕ್ಕೆ, ಜಮಖಂಡಿಯವರು ಬೆಳಗಾವಿಗೆ. ಮನೆಯಲ್ಲಿ ‘ಪಿತ್ತ ಆಗೇದ’ ಅಂತಲೋ, ದೃಷ್ಟಿ ತಗಲಿದೆ ಅಂತಲೋ ಕಳೆದ ಸರ್ತಿಗಳಿಗೆ ಚೀಟಿಯೂ ಇರುವುದಿಲ್ಲ. ಎಲ್ಲ ಸರ್ತಿಗಳೂ ಒಂದೇ ಮೇಜಿನ ಮೇಲೆ ಬರುವುದೇ ಇಲ್ಲ.

ಅದಕ್ಕೇ ಒಂದು ನೋಟ್‌ಬುಕ್ ಇಡಿ. ತಾರೀಖು, ಶುರುವಾದ ಗಂಟೆ, ಗಂಟೆಗೆ ಎಷ್ಟು ವಾಂತಿ, ಬಣ್ಣ, ಎಷ್ಟು ಹೊತ್ತಿಗೆ ನಿಂತಿತು, ತಲೆನೋವಿತ್ತೇ, ಬೆಳಕು ಚುಚ್ಚಿತೇ. ಹಿಂದಿನ ಎರಡು ದಿನದ್ದೂ ಬರೆಯಿರಿ: ಯಲ್ಲಮ್ಮನ ಜಾತ್ರೆಗೆ ಹೋಗಿ ನಿದ್ದೆಗೆಟ್ಟದ್ದು, ಉಪವಾಸ, ಪರೀಕ್ಷೆ, ನೆಗಡಿ, ಮುಟ್ಟು. ತಾಯಿಗೆ ಅರೆತಲೆನೋವು ಇದ್ದರೆ ಅದನ್ನು ಮೊದಲ ಪುಟದಲ್ಲೇ ಬರೆಯಿರಿ, ಮೈಗ್ರೇನಿಗೂ ಇದಕ್ಕೂ ನಂಟು ಗಟ್ಟಿ. ಆರು ತಿಂಗಳಲ್ಲಿ ಒಂದೇ ತೆರನಾದ ಎರಡು ಸರ್ತಿ, ನಡುವೆ ವಾರಗಟ್ಟಲೆ ಪೂರ್ತಿ ಆರಾಮ, ಬೇರೆ ಕಾರಣ ಇಲ್ಲ: ಹೊಟ್ಟೆ-ಕರುಳಿನ ಇಂಥ ಕಾಯಿಲೆ ಗುರುತಿಸಲು ಡಾಕ್ಟರುಗಳು ಬಳಸುವ ರೋಮ್ 4 ಮಾನದಂಡಕ್ಕೆ ಮಕ್ಕಳಲ್ಲಿ ಇಷ್ಟು ಸಾಕು. ದೊಡ್ಡವರಿಗೆ ವರ್ಷದಲ್ಲಿ ಮೂರು ಬೇಕು, ಅದರಲ್ಲಿ ಎರಡು ಕಳೆದ ಆರು ತಿಂಗಳೊಳಗಿನವು. ದೊಡ್ಡವರು ಗಾಂಜಾ ಸೇದುತ್ತಿದ್ದರೆ ಮುಚ್ಚಿಡಬಾರದು, ಅದರಿಂದಲೂ ಇಂಥದ್ದೇ ವಾಂತಿ ಬರುತ್ತದೆ.

‘ಬೇರೆ ಕಾರಣ ಇಲ್ಲ’ ಎನ್ನುವಲ್ಲೇ ಎಡವುವುದು ಹೆಚ್ಚು. ರಕ್ತದ ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂಗೆ ಸಲಾಯಿನ್ ಏರಿಸುವ ಮೊದಲೇ ರಕ್ತ ತೆಗೆಯಬೇಕು. ಉಪವಾಸ ಬಿದ್ದಾಗಲೇ ವಾಂತಿ ಬರುವ ಮಗುವಿಗೆ, ಆಹಾರ ಅರಗಿಸಿ ಬಳಸುವ ಮೈಯ ರಾಸಾಯನಿಕ ಕ್ರಿಯೆಯಲ್ಲೇ ದೋಷವಿದೆಯೇ ಎಂದು ತಿಳಿಯಲು, ರಕ್ತದ ಅಮೋನಿಯಾ, ಲ್ಯಾಕ್ಟೇಟ್ ಪರೀಕ್ಷೆ ಕೂಡ. ಗ್ಲೂಕೋಸ್ ಹೋದ ಮೇಲೆ ಏರುಪೇರು ಮರೆಯಾಗಿಬಿಡಬಹುದು. ಹೊಟ್ಟೆಯ ಸ್ಕ್ಯಾನ್ ವಾಂತಿ ನಡೆದಿರುವಾಗಲೇ ಆಗಲಿ. ಮೂತ್ರಪಿಂಡದಿಂದ ಮೂತ್ರ ಹೊರಬೀಳುವ ಬಾಯಲ್ಲಿ ಆಗೊಮ್ಮೆ ಈಗೊಮ್ಮೆ ಕಟ್ಟಿಕೊಳ್ಳುವ ಅಡ್ಡಿಯೂ ಇಂಥ ವಾಂತಿ ತರುತ್ತದೆ, ಆರಾಮಿದ್ದಾಗ ಅದು ಕಾಣದೆ ಹೋಗಬಹುದು.

ಹಸಿರು ವಾಂತಿ ಈ ಕಾಯಿಲೆಯಲ್ಲೂ ಬರುತ್ತದೆ, ಕರುಳು ತಿರುಚಿಕೊಂಡಾಗಲೂ ಬರುತ್ತದೆ. ಮೊದಲ ಸಲ ಹಸಿರು ಕಂಡರೆ ಲಿಂಬು ಪಾನಕ ಕುಡಿಸುತ್ತ ಕಾಯಬೇಡಿ. ಆ ಹೊತ್ತಿಗೇ, ಮಕ್ಕಳ ಸರ್ಜನ್ ಇರುವ ಆಸ್ಪತ್ರೆಗೆ ಹೊರಡಿ.